ಕಾರ್ವಿ ಗೋಡೆಯ ವಯಸ್ಸು

ಬೊಂಬಾಯಿಗೆ ಹೋಗಿ ಬಂದೆ ಎಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಸಮುದ್ರದ ಸುದ್ದಿ. ನಾನು ಸಮುದ್ರ ನೋಡಲಿಲ್ಲ. ಎರಡು ವಾರ ಆ ಊರಿನಲ್ಲಿದ್ದೂ ಅದಕ್ಕೆ ಬೆನ್ನು ಹಾಕಿ, ಬೊರಿವಲಿಯ ಗುಡ್ಡದ ಕಾಡಿನಲ್ಲಿ ಹನ್ನೊಂದು ಗುಡಿಸಲುಗಳ ಮುಂದೆ ಕೂತು ಗೋಡೆಗಳ ವಯಸ್ಸು ಕೇಳಿ ಬಂದೆ. ನನ್ನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಇದನ್ನು ಹೇಳಿ ನಗುತ್ತಾಳೆ. ನಗಲಿ ಬಿಡಿ. ಅವಳಿಗೆ ಕಥೆಯ ಕೊನೆಯನ್ನು ನಾನು ಹೇಳಿಲ್ಲ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಮೇಷ್ಟ್ರು. ಬಿಳಿಗಿರಿ ಬೆಟ್ಟದ ಸೋಲಿಗರ ನಡುವೆ ಕೆಲವು ವರ್ಷ ಓಡಾಡಿ ಒಂದು ಪಟ್ಟಿ ಮಾಡಿದ್ದೆ. ಕಾಡಿನ ಜನ ಹೊರಗಿನ ಹೊಡೆತ ತಡೆದುಕೊಂಡು ಇನ್ನೆಷ್ಟು ಕಾಲ ಉಳಿದಾರು ಎಂದು ಅಳೆಯುವ ಪಟ್ಟಿ. ಹತ್ತು ಪ್ರಶ್ನೆ, ಒಂದೊಂದಕ್ಕೂ ಹತ್ತು ಅಂಕ. ಸೀರೆ ಅಂಗಡಿಯವರು ಬಟ್ಟೆಗೆ ಹೇಳುವ ಮಾತನ್ನೇ ತೆಗೆದುಕೊಂಡು ‘ಬಾಳಿಕೆ ಪಟ್ಟಿ’ ಎಂದು ಹೆಸರಿಟ್ಟಿದ್ದೆ. ಅದರ ಮೇಲೆ ನನಗೆ ಎಷ್ಟು ಹೆಮ್ಮೆ ಎಂದರೆ, ಮಗಳ ಜಾತಕಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಎಪ್ಪತ್ತರ ಡಿಸೆಂಬರಿನಲ್ಲಿ ಬೊಂಬಾಯಿಯ ಒಂದು ಸಮಿತಿಯಿಂದ ಕಾಗದ ಬಂತು. ಬೊರಿವಲಿಯ ಕಾಡಿನಲ್ಲಿ ವಾರ್ಲಿ ಎಂಬ ಆದಿವಾಸಿಗಳ ಹಾಡಿಗಳಿವೆ. ಅಲ್ಲಿ ಅದಕ್ಕೆ ‘ಪಾಡಾ’ ಎನ್ನುತ್ತಾರೆ. ತಲೆಮಾರಿನಿಂದ ಇದ್ದ ಪಾಡಾಗಳು ಅಲ್ಲೇ ಉಳಿಯಬೇಕು, ಈಚೆಗೆ ಬಂದು ನೆಲೆಸಿದವರನ್ನು ಕಾಡಿನಾಚೆಯ ಕೋಣೆಗಳಿಗೆ ಸಾಗಿಸಬೇಕು ಎಂದು ಸಮಿತಿಯ ಯೋಚನೆ. ಯಾರು ಹಳಬರು, ಯಾರು ಹೊಸಬರು? ಒಂದು ಪಾಡಾದ ವಿಚಾರದಲ್ಲಿ ಅವರಿಗೇ ಒಮ್ಮತವಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಹಳೆಯ ಬೇರಿಗೆ ಹೆಚ್ಚು ಅಂಕವಂತೆ, ಅದನ್ನು ತೆಗೆದುಕೊಂಡು ಬನ್ನಿ ಎಂದರು. ಕರೆದರೆ ಸಾಕೆಂದು ಕಾಯುತ್ತಿದ್ದವನಂತೆ ಹೊರಟೆ.

ದಾದರ್

ದಾದರಿನಲ್ಲಿ ಇಳಿದವನಿಗೆ ಮೊದಲ ಪಾಠ ಕಲಿಸಿದ್ದು ಲೋಕಲ್ ಗಾಡಿ. ನಮ್ಮ ಮೈಸೂರಿನಲ್ಲಿ ಗಾಡಿ ಬಂದು ನಿಂತ ಮೇಲೆ, ಇಳಿಯುವವರಿಗೆ ದಾರಿ ಬಿಟ್ಟು, ಹೂಜಿಗೆ ನೀರು ತುಂಬಿಸಿಕೊಂಡು, ಬೀಗರಿಗೆ ಎರಡು ಸಲ ಕೈಬೀಸಿ ಹತ್ತುತ್ತೇವೆ. ಇಲ್ಲಿ ಹತ್ತುವ ಕೆಲಸವೇ ನಮ್ಮದಲ್ಲ, ಹಿಂದಿನವರು ಹತ್ತಿಸುತ್ತಾರೆ. ಸಾಂತಾಕ್ರೂಜಿನಲ್ಲಿ ಇಳಿಯಬೇಕಾದವನು ಬಾಗಿಲ ಹತ್ತಿರ ಬರಲಾಗದೆ ಮೂರು ಸ್ಟೇಷನ್ ಮುಂದೆ ಹೋದೆ. ಪಕ್ಕದಲ್ಲಿ ನಾಲ್ಕೈದು ಗುಮಾಸ್ತರು ಪುಟ್ಟ ತಾಳ ಹಿಡಿದು ಭಜನೆ ಹಾಡುತ್ತಿದ್ದರು. ಒಬ್ಬಾತ ಹಾಡು ನಿಲ್ಲಿಸದೆ ನನ್ನ ಕೈಯ ಪೆಟ್ಟಿಗೆ ತೆಗೆದು ಮೇಲಿಟ್ಟ. ನಾನು ಇಳಿಯುವಾಗ ಹಾಗೆಯೇ ಹಾಡುತ್ತ ಅದನ್ನು ನನ್ನ ತಲೆಯ ಮೇಲೆ ಇಳಿಸಿದ. ಹೆಸರು ಕೇಳಲು ಪುರುಸೊತ್ತಾಗಲಿಲ್ಲ.

ಸಾಂತಾಕ್ರೂಜ್

ಸಾಂತಾಕ್ರೂಜಿನಲ್ಲಿ ನನ್ನ ಸರಸಕ್ಕನ ಮನೆ. ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾದರೂ ಅವಳ ಕನ್ನಡ ಅಗ್ರಹಾರದ ಬೀದಿ ಬಿಟ್ಟು ಕದಲಿಲ್ಲ. ಮಗಳು ಉಷಾಳದು ಬೇರೆ ಭಾಷೆ. ಅವಳಿಗೆ ಹತ್ತೊಂಬತ್ತು, ಕಾಲೇಜಿನ ಜೊತೆಗೆ ಟೈಪಿಂಗ್ ಕಲಿತಿದ್ದಳು.

“ಮಾಮಾ, ನೀವು ಜನರಿಗೆ ಮಾರ್ಕ್ಸ್ ಕೊಡ್ತೀರಾ? ಸಚ್ಚೀ? ಫೇಲ್ ಆದ್ರೆ ಕ್ಯಾ?” ಎಂದಳು, ನನ್ನ ಪಟ್ಟಿ ನೋಡಿ.

“ತಲೆಹರಟೆ ಮಾಡಬೇಡ” ಎಂದೆ.

ನನಗೆ ಭಾಷೆ ಗೊತ್ತಿಲ್ಲದ ಕಾಡಿಗೆ ಜೊತೆಗೊಬ್ಬ ಬೇಕಿತ್ತು. ಅಕ್ಕ ತನ್ನ ಬಿಲ್ಡಿಂಗಿನ ಕಲ್ಲು ಕೆಲಸಕ್ಕೆ ಬಂದಿದ್ದ ಬಸಪ್ಪನಿಗೆ ಹೇಳಿ ಕಳುಹಿಸಿದಳು. ಬಿಜಾಪುರದ ಕಡೆಯವನು, ನಲವತ್ತರ ಹತ್ತಿರದ ವಯಸ್ಸು. ಬೊರಿವಲಿಯ ಕಲ್ಲು ಖದಾನಿಯಲ್ಲಿ ಹನ್ನೆರಡು ವರ್ಷದಿಂದ ಕಲ್ಲು ಒಡೆಯುತ್ತಿದ್ದ. ಅವನ ಜೊತೆ ಕೆಲಸ ಮಾಡುವವರಲ್ಲಿ ಆ ಪಾಡಾದ ಗಂಡಸರೂ ಇದ್ದುದರಿಂದ ಅವರ ಮಾತು ಅವನಿಗೆ ಬರುತ್ತಿತ್ತು.

“ಐತವಾರ ಸುಟ್ಟಿ ಐತ್ರಿ ಸಾಹೇಬ್ರ. ಬಾಕಿ ದಿನ ಪಾಳಿ ಬದಲಿ ಮಾಡ್ಕೋತೀನಿ. ಆದ್ರ ಒಂದ್ ಮಾತು. ಆ ಮಂದಿ ಮುಂದ ಜಬರ್‌ದಸ್ತಿ ಮಾಡಬ್ಯಾಡ್ರಿ. ಒಮ್ಮೆ ಬಾಯಿ ಮುಚ್ಚಿದ್ರಂದ್ರ ಮುಗೀತು” ಎಂದ.

ಬೊರಿವಲಿ

ಬೊರಿವಲಿ ಸ್ಟೇಷನ್ನಿನ ಹೊರಗೆ ವಾರ್ಲಿ ಹೆಂಗಸರು ಕಾಡಿನ ಸೊಪ್ಪು, ಸೌದೆ ಇಟ್ಟುಕೊಂಡು ಕೂತಿದ್ದರು. ಅವರನ್ನು ದಾಟಿಕೊಂಡು ಆಫೀಸಿಗೆ ಓಡುವ ಜನ. ನಾಲ್ಕು ಮೈಲಿ ನಡೆದರೆ ಆ ಓಟದ ಸದ್ದು ನಿಂತು ಹಕ್ಕಿಯ ದನಿ ಕೇಳತೊಡಗಿತು. ಒಂದೇ ಊರೊಳಗೆ ಹೀಗೂ ಉಂಟೇ ಎಂದು ನಾನು ದಂಗಾಗಿ ನಿಂತೆ.

ಪಾಡಾದ ಗಡಿಯಲ್ಲಿ ಸಿಂಧೂರ ಬಳಿದ ಮರದ ಹಲಗೆ ನೆಟ್ಟಿತ್ತು. ಅದರ ಮೇಲೆ ಕೆತ್ತಿದ ಹುಲಿ. ನಾನು ಪಕ್ಕದಿಂದ ನುಗ್ಗಲು ಹೊರಟೆ.

“ಹಂಗ ಹೋಗಬ್ಯಾಡ್ರಿ! ಮೊದಲ ಹುಲಿದ್ಯಾವರಿಗೆ ಕೈ ಮುಗೀರಿ. ಅದು ಮಂದೀನ ಕಾಯೋ ದ್ಯಾವ್ರು” ಎಂದು ಬಸಪ್ಪ ನನ್ನ ತೋಳು ಹಿಡಿದ.

ಕೈಮುಗಿದೆ. ನಮ್ಮ ಸೋಲಿಗರೂ ಹುಲಿಯನ್ನು ದೇವರ ವಾಹನ ಎನ್ನುತ್ತಾರೆ. ಇಷ್ಟು ದೂರ ಬಂದರೂ ಅದೇ ಹುಲಿ ಎದುರಾದದ್ದಕ್ಕೆ ಸಂತೋಷವಾಯಿತು. ಪಟ್ಟಿ ತೆಗೆದು ‘ದೈವ’ದ ಕಾಲಮ್ಮಿಗೆ ನಿಂತಲ್ಲೇ ಎಂಟು ಅಂಕ ಹಾಕಿದೆ.

ಹನ್ನೊಂದು ಮನೆ

ನಾಲ್ಕು ದಿನ ಆ ಹನ್ನೊಂದು ಮನೆಗಳಿಗೆ ಹೋದೆ. ಏನು ದುಡಿಯುತ್ತೀರಿ, ಮಕ್ಕಳು ಯಾವ ಮಾತಾಡುತ್ತಾರೆ, ಜ್ವರ ಬಂದರೆ ಯಾರ ಹತ್ತಿರ ಹೋಗುತ್ತೀರಿ ಎಂದೆಲ್ಲ ಕೇಳಿದೆ. ಎಲ್ಲಕ್ಕೂ ನಿಧಾನವಾಗಿ, ನಗುತ್ತ ಉತ್ತರ ಕೊಟ್ಟರು. ಹೆಚ್ಚು ಮಾತಾಡಿದವಳು ಸೋನೂ ಎಂಬ ಅಜ್ಜಿ. ಅರವತ್ತರ ಹತ್ತಿರ ಇದ್ದಾಳು. ಬಸಪ್ಪ ಅವಳನ್ನು ಅಲ್ಲಿನವರಂತೆ ‘ಆಜಿ’ ಎನ್ನುತ್ತಿದ್ದ, ಅವಳು ನನ್ನನ್ನು ‘ಮಾಸ್ತರ’ ಎನ್ನುತ್ತಿದ್ದಳು. ಅವಳ ಮಾತೆಲ್ಲ ನನ್ನ ಕಿವಿಗೆ ಬಿದ್ದದ್ದು ಬಸಪ್ಪನ ಕನ್ನಡದಲ್ಲಿ. ಹಾಗಾಗಿ ನನ್ನ ನೆನಪಿನಲ್ಲಿ ಆ ವಾರ್ಲಿ ಅಜ್ಜಿ ಬಿಜಾಪುರದ ಹೆಂಗಸಿನ ಹಾಗೆಯೇ ಮಾತಾಡುತ್ತಾಳೆ.

ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಅದು ನನ್ನ ಜಾಣತನ. ಉಳಿಯಬೇಕು ಎಂಬ ಆಸೆ ಇರುವವರು ಬಾಯಿಗೆ ಬಂದಷ್ಟು ವರ್ಷ ಹೇಳುತ್ತಾರೆ ಎಂದು ಬೇರೆ ಕಡೆ ಕಲಿತಿದ್ದೆ. ಅದಕ್ಕೇ ಪೆನ್ಸಿಲಿನಿಂದ ಗೋಡೆ ತೋರಿಸಿ, “ಇದನ್ನು ಕಟ್ಟಿ ಎಷ್ಟು ವರ್ಷವಾಯಿತು?” ಎಂದು ಕೇಳುತ್ತಿದ್ದೆ. ಮನೆ ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ಸಿದ್ಧಾಂತ.

“ಎರಡ ವರ್ಷಂತ್ರಿ” ಎಂದ ಬಸಪ್ಪ, ಮೊದಲ ಮನೆಯಲ್ಲಿ. ಎರಡನೆಯದರಲ್ಲೂ ಎರಡು. ಹನ್ನೊಂದರಲ್ಲೂ ಎರಡೇ. ಗೋಡೆಗಳನ್ನು ಮುಟ್ಟಿ ನೋಡಿದೆ. ಬೆರಳು ಗಾತ್ರದ ಕೋಲುಗಳನ್ನು ಒತ್ತಾಗಿ ಕಟ್ಟಿ, ಮೇಲೆ ಮಣ್ಣು ಸಗಣಿ ಮೆತ್ತಿ ಸಾರಿಸಿದ ಅಚ್ಚುಕಟ್ಟಾದ ಗೋಡೆ. ನಿಜಕ್ಕೂ ಹೊಸದೇ.

ಹೊರಡುವಾಗ ನನ್ನ ಕೆಮ್ಮು ಕೇಳಿ ಅಜ್ಜಿ ಏನೋ ಹೇಳಿದಳು. “ಜೇನತುಪ್ಪ ಐತಂತ್ರಿ. ಹುಗದಿಟ್ಟಾಳಂತ. ಹೋಗೂಕಿಂತ ಮೊದಲ ಒಮ್ಮೆ ಬರ್ರಿ, ತಗದ ಕೊಡ್ತೀನಿ ಅಂತಾಳ” ಎಂದ ಬಸಪ್ಪ. ಆಗಲಿ ಎಂದೆ, ಬರುವ ಮನಸ್ಸಿಲ್ಲದೆ.

ಟೈಪ್‌ರೈಟರಿನ ಮುಂದೆ

ವರದಿಯನ್ನು ಉಷಾ ಟೈಪ್ ಮಾಡಿದಳು. ಹನ್ನೊಂದು ಸಲ ‘ಎರಡು ವರ್ಷ’ ಎಂದು ಹೊಡೆದ ಮೇಲೆ ಕೈ ನಿಲ್ಲಿಸಿದಳು.

“ಮಾಮಾ, ಸಬ್ ಒಂದೇ ದಿನ ಬಂದ್ರಾ? ಬಸ್ ಮಾಡ್ಕೊಂಡು?”

“ಒಟ್ಟಿಗೆ ಬಂದಿದ್ದಾರೆ. ಹೊಸಬರು ಎನ್ನುವುದಕ್ಕೆ ಅದೇ ಸಾಕ್ಷಿ.”

“ಆದ್ರೆ ಅಜೀಬ್ ಲಗ್ತಾ ಹೈ, ಮಾಮಾ. ಒಂದು ಮನೇನೂ ಮೊದ್ಲು ಕಟ್ಟಿಲ್ಲ?”

“ನೀನು ಟೈಪ್ ಮಾಡು. ವಿಚಾರ ಮಾಡೋದು ನನ್ನ ಕೆಲಸ” ಎಂದು ಗದರಿದೆ. ಎಲ್ಲ ಕಾಲಮ್ಮು ಕೂಡಿಸಿದರೆ ನೂರಕ್ಕೆ ಮೂವತ್ತೊಂದು ಅಂಕ. ‘ಈಚೆಗೆ ಬಂದವರು, ಬೇರು ಬಿಟ್ಟಿಲ್ಲ, ಸಾಗಿಸಬಹುದು’ ಎಂದು ಕೊನೆಯ ಸಾಲು ಬರೆಸಿ, ಭಾವನ ಕೈಯಲ್ಲಿ ವರದಿಯನ್ನು ವಿಕ್ರೋಳಿಯ ಸಮಿತಿ ಕಚೇರಿಗೆ ಕಳುಹಿಸಿದೆ. ಭಾವನ ಕಾರ್ಖಾನೆಯೂ ಅಲ್ಲೇ ಪಕ್ಕ.

ಜೇನಿನ ದಿನ

ಇನ್ನೆರಡು ದಿನಕ್ಕೆ ನನ್ನ ಗಾಡಿ. ಸಮುದ್ರ ನೋಡೋಣವೆಂದು ಹೊರಟವನನ್ನು ಅಕ್ಕ ತಡೆದಳು.

“ಏನೋ, ಕಾಡಿನ ಜೇನು ಕೊಡ್ತೀನಿ ಅಂದ್ರೆ ಬಿಟ್ಟು ಬರ್ತಾರೇನೋ? ನಿನ್ನ ಕೆಮ್ಮು ಇಡೀ ಬಿಲ್ಡಿಂಗಿಗೆ ಕೇಳತ್ತೆ ಕಣೋ. ಹೋಗಿ ತಗೊಂಡ್ ಬಾ, ನಂಗೂ ಸ್ವಲ್ಪ ಬೇಕು.”

ಹೀಗೆ, ಅಕ್ಕನ ಜೇನಿನ ಆಸೆಗೆ ನಾನು ಬಸಪ್ಪನನ್ನು ಕರೆದುಕೊಂಡು ಮತ್ತೆ ಬೊರಿವಲಿಗೆ ಹೋದದ್ದು. ಸೋನೂ ಅಜ್ಜಿ ಒಲೆಯ ಪಕ್ಕದ ನೆಲ ಅಗೆದು ಒಂದು ಮಣ್ಣಿನ ಕುಡಿಕೆ ತೆಗೆದಳು. ಕಪ್ಪಗೆ, ಗಟ್ಟಿಯಾಗಿದ್ದ ಜೇನು. ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದೆ. ಒಗರಿನ ಜೊತೆ ಸಿಹಿ.

“ಇದ್ಯಾವ ಹೂವಿನದು?” ಎಂದೆ.

“ಕಾರ್ವೀದು. ಹೂವಿನ ವರ್ಷದ ಜೇನು. ಇದೂ ಈ ಗೋಡೀನೂ ಒಂದ ಓರಗಿ ಅಂತಾಳ್ರಿ.”

ಬೆರಳು ಬಾಯಲ್ಲೇ ನಿಂತಿತು. ಕಾರ್ವಿ! ನಮ್ಮ ಘಟ್ಟಗಳ ಗುರಗಿ ಗಿಡದ ಬಳಗ. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ಹೂ ಬಿಟ್ಟು, ಬೀಜ ಉದುರಿಸಿ, ಎಲ್ಲ ಒಟ್ಟಿಗೆ ಒಣಗಿ ಸಾಯುವ ಗಿಡ. ಇದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇನೆ. ಗೋಡೆಯ ಕೋಲುಗಳನ್ನು ನಾಲ್ಕು ದಿನ ಮುಟ್ಟಿ ನೋಡಿದ್ದೆ. ಯಾವ ಗಿಡದ್ದು ಎಂದು ಕೇಳಿರಲಿಲ್ಲ.

ಅಜ್ಜಿ ಹೇಳುತ್ತ ಹೋದಳು, ಬಸಪ್ಪ ಕನ್ನಡ ಮಾಡುತ್ತ ಹೋದ. ಹಸಿ ಕಾರ್ವಿಯ ಕೋಲಿಗೆ ಹುಳ ಬೀಳುತ್ತದೆ. ಹೂ ಬಿಟ್ಟು ಸತ್ತ ಗಿಡದ ಕೋಲು ಗಟ್ಟಿ; ಮುಂದಿನ ಹೂವಿನ ತನಕ ತಡೆಯುತ್ತದೆ. ಆಗ ಇಡೀ ಪಾಡಾ ಹಳೆಯ ಗೋಡೆ ಬಿಚ್ಚಿ ಹೊಸ ಕೋಲು ಕಟ್ಟುತ್ತದೆ. ಮನೆ ಅದೇ, ಜಾಗ ಅದೇ, ನಡುಗಂಬ ಅದೇ. ಕಂಬವನ್ನು ನೋಡಿದೆ, ಹೊಗೆ ಕುಡಿದು ಕುಡಿದು ನಮ್ಮಜ್ಜನ ಕಾಲದ ತೊಟ್ಟಿಲ ಹಾಗೆ ಕಪ್ಪಾಗಿ ಮಿರುಗುತ್ತಿತ್ತು.

“ಎಷ್ಟು ಹೂವು ಕಂಡಿದ್ದೀರಿ, ಆಜಿ?” ಎಂದೆ.

ಅವಳು ಬೆರಳು ಮಡಚಿದಳು. “ಈ ಹೂವಿಗೆ ಈ ಗೋಡಿ. ಅದರ ಹಿಂದಿಂದಕ್ಕ ಮೊಮ್ಮಗ ಹುಟ್ಟಿದ. ಅದರ ಹಿಂದಿಂದಕ್ಕ ನನ್ನ ಗಂಡ ಹ್ವಾದ. ಅದರ ಹಿಂದಿಂದು ಸಿಡುಬಿನ ಹೂವು. ಪಾಡಾದ ಅರ್ಧ ಮಕ್ಕಳು ಅವತ್ತ ಹ್ವಾದುವು. ಅದಕ್ಕೂ ಹಿಂದ ನನ್ನ ಮಗ ಹುಟ್ಟಿದ್ದು. ಅದಕ್ಕೂ ಹಿಂದ ನಾ ಸೊಸಿ ಆಗಿ ಬಂದಿದ್ದು. ಈ ಕಂಬ ಅವಾಗೂ ಕರ್ರಗ ಇತ್ತು. ನಮ್ಮತ್ತಿ ಅದಕ್ಕೂ ಮೂರ ಹೂವು ಹೇಳ್ತಿದ್ಳು.”

ಒಂಬತ್ತು ಹೂವು. ಹೆಚ್ಚು ಕಡಿಮೆ ಎಪ್ಪತ್ತು ವರ್ಷ. ಉಳಿದ ಮನೆಗಳಿಗೆ ಓಡಿದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ಬೇರೆ ಬೇರೆಯಾಗಿ ಕೂರಿಸಿ ಹೂವಿನ ಲೆಕ್ಕ ಕೇಳಿದೆ. ಸಾವು ಹುಟ್ಟು ಮನೆಮನೆಗೆ ಬೇರೆ. ಸಿಡುಬಿನ ಹೂವು ಮಾತ್ರ ಎಲ್ಲರ ಬೆರಳಲ್ಲೂ ನಾಲ್ಕನೆಯದೇ. ನಾವು ಪ್ರತಿವರ್ಷ ಹಬ್ಬಕ್ಕೆ ಸುಣ್ಣ ಹೊಡೆಸುತ್ತೇವೆ. ಯಾರಾದರೂ ಬಂದು ಇದು ಈ ವರ್ಷದ ಮನೆ ಎಂದರೆ ಕಪಾಳಕ್ಕೆ ಬಾರಿಸುವುದಿಲ್ಲವೇ? ಇವರು ಬಾರಿಸಲಿಲ್ಲ, ಜೇನು ಕೊಟ್ಟರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಜ್ಜಿ ನನ್ನ ಅವಸರ ನೋಡಿ ಕೇಳಿದಳು: “ಗೋಡಿ ವಯಸ್ಸು ಯಾಕ ಬೇಕಿತ್ತು, ಮಾಸ್ತರ?”

ಹೇಳಿದೆ. ಕಾಗದ ಓದುವವರಿಗೆ ಹಳೆಯ ಮನೆ ಎಂದರೆ ಹಳೆಯ ಜನ, ಹೊಸ ಮನೆ ಎಂದರೆ ಹೊಸ ಜನ. ಹೊಸಬರನ್ನು ಎಬ್ಬಿಸುತ್ತಾರೆ ಎಂದೆ. ಅವಳು ಗೋಡೆಯ ಮೇಲೆ ಕೈಯಾಡಿಸಿದಳು.

“ನಿನ್ನ ಮನೀಗೆ ಎಷ್ಟು ವರ್ಷ?”

“ಬಾಡಿಗೆ ಮನೆ, ಆಜಿ. ಹೋಗಿ ನಾಲ್ಕು ವರ್ಷವಾಯಿತು. ಅದಕ್ಕೆ ಮುಂಚೆ ಬೇರೆ ಕಡೆ.”

“ಅಯ್ಯ ಪಾಪ, ನಿನ್ನೂ ಎಬ್ಬಸ್ತಾರೇನು?” ಎಂದಳು. ಕುಹಕ ಇರಲಿಲ್ಲ, ನಿಜವಾಗಿ ಮರುಗಿಯೇ ಕೇಳಿದಳು. ಆಮೇಲೆ ಮೆಲ್ಲಗೆ, “ಅಂದ್ರ ಗೋಡಿ ಹಳೇದಾಗಬೇಕು, ಹೌದಲ್ಲ?” ಎಂದಳು.

“ಹೌದು, ಹೌದು” ಎಂದೆ. ನನಗೆ ವಿಕ್ರೋಳಿಯ ಕಚೇರಿ ಮುಚ್ಚುವ ಮೊದಲು ತಲುಪಬೇಕಿತ್ತು.

ವಿಕ್ರೋಳಿ

ದಾದರಿನಲ್ಲಿ ಗಾಡಿ ಬದಲಿಸಿ, ಜೇನಿನ ಬಾಟಲಿ ಎದೆಗೆ ಅವುಚಿಕೊಂಡು ವಿಕ್ರೋಳಿಗೆ ಹೋದೆ. ಸಮಿತಿಯ ಕಾರ್ಯದರ್ಶಿ ಸಜ್ಜನ. ನನಗೆ ಚಹಾ ತರಿಸಿ, ನನ್ನ ಮಾತು ಪೂರ್ತಿ ಕೇಳಿದರು. ಸಭೆ ಮೂರು ದಿನದ ಮೇಲೆ ಇತ್ತು.

“ಎಲ್ಲ ಸರಿ, ಪ್ರೊಫೆಸರರೇ. ಆದರೆ ಹೂವನ್ನು ಕಡತಕ್ಕೆ ಹೇಗೆ ಸೇರಿಸಲಿ? ನಿಮ್ಮ ಪಟ್ಟಿಯಲ್ಲೇ ಅದಕ್ಕೆ ಕಾಲಮ್ ಇಲ್ಲವಲ್ಲ?” ಎಂದರು ಇಂಗ್ಲಿಷಿನಲ್ಲಿ.

ಊರಿನ ಗಾಡಿ ಬಿಟ್ಟು ಉಳಿದುಕೊಂಡೆ. ಉಷಾ ಎರಡು ದಿನ ಕಾಲೇಜಿಗೆ ಹೋಗದೆ ಹನ್ನೊಂದು ಮನೆಗಳ ಹೂವಿನ ಲೆಕ್ಕ ಟೈಪ್ ಮಾಡಿದಳು. ಸಿಡುಬಿನ ಹೂವಿಗೆ ಬಂದಾಗ ಅವಳು ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದವನಂತೆ ಕೂತೆ. ನಾನು ಗದರಿದ್ದಕ್ಕೆ ಅವಳ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಮಾವಂದಿರು ಕ್ಷಮೆ ಕೇಳುವ ಪದ್ಧತಿ ಇಲ್ಲ.

ಸಭೆಯಲ್ಲಿ ನಾನೇ ನಿಂತು ಓದಿದೆ. ಒಬ್ಬರು ನಕ್ಕರು, ಇಬ್ಬರು ಕೇಳಿಸಿಕೊಂಡರು. ಕೊನೆಗೆ ಆ ಪಾಡಾವನ್ನು ಸಾಗಿಸುವ ಪಟ್ಟಿಯಿಂದ ತೆಗೆದು, ‘ಮುಂದಿನ ತಪಾಸಣೆಯವರೆಗೆ ಹಾಗೆಯೇ ಇರಲಿ’ ಎಂದು ಬರೆದರು. ಗೆದ್ದೆ ಎಂದುಕೊಂಡೆ. ಬಸಪ್ಪನ ಕೈಯಲ್ಲಿ ಪಾಡಾಕ್ಕೆ ಸುದ್ದಿ ಕಳುಹಿಸಿ ಊರಿಗೆ ಬಂದು, ಬಾಳಿಕೆ ಪಟ್ಟಿಗೆ ಹೂವಿನ ಲೆಕ್ಕವನ್ನು ಹನ್ನೊಂದನೆಯ ಪ್ರಶ್ನೆಯಾಗಿ ಸೇರಿಸಿದೆ. ಅಷ್ಟೇ ಆಗಿದ್ದರೆ ಈ ಕಥನವನ್ನು ಯಾವತ್ತೋ ಬರೆದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದೆ.

ಮತ್ತೆ ಬೊರಿವಲಿ

ಏಳು ವರ್ಷದ ಮೇಲೆ, ಉಷಾಳ ಮದುವೆಗೆಂದು ಮತ್ತೆ ಹೋದೆ. ಮದುವೆ ಮುಗಿದ ಮಾರನೆಯ ದಿನವೇ ಬಸಪ್ಪನನ್ನು ಹುಡುಕಿದೆ. ತಲೆ ಬೆಳ್ಳಗಾಗಿತ್ತು, ಖದಾನಿಯ ಧೂಳಿಗೆ ಅವನಿಗೂ ಕೆಮ್ಮು ಹತ್ತಿತ್ತು. ಹೋದ ವರ್ಷ ಕಾರ್ವಿ ಹೂ ಬಿಟ್ಟಿತ್ತಲ್ಲ, ಈಗ ಪಾಡಾದಲ್ಲಿ ಹೊಸ ಗೋಡೆ ಇರಬೇಕು, ಹೊಸ ಜೇನೂ ಇರಬೇಕು ಎಂದೆ. ಅವನು ತಲೆ ತಗ್ಗಿಸಿ ಮುಂದೆ ನಡೆದ.

ಗುಡ್ಡದ ಮೈತುಂಬ ಒಣಗಿದ ಕಾರ್ವಿ ನಿಂತೇ ಇತ್ತು. ಯಾರೂ ಕಡಿದಿರಲಿಲ್ಲ. ಒಂದು ಮಳೆಗಾಲ ನೆನೆದು ಕೋಲುಗಳು ಕೊಳೆಯತೊಡಗಿದ್ದವು. ಮುರಿದರೆ ಕೈಯಲ್ಲಿ ಪುಡಿಯಾದವು. ಹುಲಿದೇವರಿಗೆ ಕೈಮುಗಿದು ಒಳಗೆ ಹೋದೆ.

ಹನ್ನೊಂದು ಮನೆಗಳಲ್ಲಿ ಒಂಬತ್ತಿದ್ದವು. ಎರಡು ಮಳೆಗೆ ಬಿದ್ದಿದ್ದವಂತೆ. ನಿಂತವುಗಳ ಗೋಡೆ ಹೊಟ್ಟೆ ಬಿಟ್ಟುಕೊಂಡು ಹೊರಗೆ ಬಾಗಿತ್ತು. ಹಗ್ಗ ಬಿಗಿದಿದ್ದರು, ಗೋಣಿಚೀಲ ತುರುಕಿದ್ದರು, ತಗಡು ಆನಿಸಿದ್ದರು. ಮಣ್ಣು ಉದುರಿದ ಕಡೆ ಹುಳ ತಿಂದ ಕೋಲು ಕಾಣುತ್ತಿತ್ತು. ಸೋನೂ ಅಜ್ಜಿ ಕೋಲೂರಿಕೊಂಡು ಕುಂಟುತ್ತ ಬಂದಳು. ಆಷಾಢದ ಮಳೆಯಲ್ಲಿ ಗೋಡೆಯ ಒಂದು ಭಾಗ ಅವಳ ಕಾಲಿನ ಮೇಲೆ ಕುಸಿದಿತ್ತು ಎಂದು ಬಸಪ್ಪ ಹೇಳಿದ. ನನ್ನನ್ನು ಗುರುತು ಹಿಡಿದು ಅವಳ ಮುಖ ಅರಳಿತು.

“ಬಂದಿ ಏನು ಮಾಸ್ತರ! ನೋಡು, ನೀ ಹೇಳಿದಂಗ ಮಾಡೀವಿ. ಹೂವು ಬಂದು ಹೋತು, ನಾವು ಗೋಡಿ ಮುಟ್ಟಲಿಲ್ಲ. ಈಗ ಒಂಬತ್ತ ವರ್ಷ ಆತು. ಬರ್ಕೋ.”

ನಾನು ಹೇಳಿದ ಹಾಗೆ! ಅವಸರದಲ್ಲಿ ಎರಡು ಸಲ ‘ಹೌದು’ ಎಂದದ್ದು ನೆನಪಾಯಿತು. ಎಲ್ಲ ಬಿಚ್ಚಿ ಹೊಸದು ಕಟ್ಟಿಕೊಳ್ಳಿ, ತಪಾಸಣೆಯವರಿಗೆ ನಾನೇ ಕಾಗದ ಬರೆಯುತ್ತೇನೆ ಎಂದು ಬಡಬಡಿಸಿದೆ. ಬಸಪ್ಪ ಅದನ್ನು ಅವಳಿಗೆ ಹೇಳಲೂ ಇಲ್ಲ.

“ಯಾವುದರಿಂದ ಕಟ್ಟಬೇಕ್ರಿ, ಸಾಹೇಬ್ರ?” ಎಂದ ಗುಡ್ಡದ ಕಡೆ ಕೈ ತೋರಿಸಿ. “ಕೋಲು ಕೊಳತಾವ. ಇನ್ನ ಮುಂದಿನ ಹೂವಿಗೇ.”

ಮುಂದಿನ ಹೂವಿಗೆ ಇನ್ನೂ ಏಳು ವರ್ಷ. ಎಪ್ಪತ್ತು ವರ್ಷ ಹೂವಿನ ಲೆಕ್ಕ ತಪ್ಪದ ಜನ, ಇದೊಂದು ಸಲ ತಪ್ಪಿದ್ದರು, ತಪ್ಪಿಸಿದವನು ನಾನು. ಅವರ ಬಾಳಿಕೆ ಅಳೆಯಲು ಹೋಗಿ ಅದರ ಬುಡಕ್ಕೇ ಕೈ ಹಾಕಿದ್ದೆ. ಅತ್ತೆ. ಬಸಪ್ಪನ ಎದುರಿಗೇ ಅತ್ತೆ.

ಅಜ್ಜಿಗೆ ನನ್ನ ಅಳು ಅರ್ಥವಾಗಲಿಲ್ಲ. ಅವಳಿಗೆ ಬೇಕಾದದ್ದು ಬೇರೆ. “ಬರ್ಕೋ” ಎಂದು ಮತ್ತೆ ಹೇಳಿ ನನ್ನ ಜೇಬಿನ ಪೆನ್ನು ತೋರಿಸಿದಳು. ಪಟ್ಟಿ ತಂದಿರಲಿಲ್ಲ. ಜೇಬಿನಲ್ಲಿ ಉಷಾಳ ಮದುವೆಯ ಕರೆಯೋಲೆ ಇತ್ತು. ಅದರ ಬೆನ್ನಿಗೆ ಬರೆದೆ: ಸೋನೂಬಾಯಿಯ ಮನೆ, ಗೋಡೆಯ ವಯಸ್ಸು ಒಂಬತ್ತು ವರ್ಷ.

ಬಸಪ್ಪನಿಂದ ಎರಡು ಸಲ ಓದಿಸಿ ಕೇಳಿದಳು. ಸಮಾಧಾನವಾಯಿತು. ಆ ಓಲೆಯನ್ನು ಸೆರಗಿಗೆ ಕಟ್ಟಿಕೊಂಡು, ಗೋಡೆಗೆ ಎಲ್ಲೂ ಮೈ ತಾಗದಂತೆ ಒಂದು ಪಕ್ಕಕ್ಕೆ ತಿರುಗಿ, ಮೆಲ್ಲಗೆ ಒಳಗೆ ಹೋದಳು.